ಎರೆ ಮಣ್ಣಿನ ಮೇಲೆ ವಾಲಿಬಾಲ್ ಕೋರ್ಟ್: ಒಂದು ಬೇಸಿಗೆಯ ಕೆಲಸ

ಹೋದ ವರ್ಷ ಮಾರ್ಚ್‌ನಲ್ಲಿ ನಮ್ಮ ಶಾಲೆಯ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬ್ಲಾಕ್ ಮಾಡಲು ಹಾರಿದಳು. ಇಳಿಯುವಾಗ ಎಡಗಾಲು ನೆಲದ ಬಿರುಕಿಗೆ ಸಿಕ್ಕಿ ಹೊರಳಿತು. ಮೂಳೆ ಮುರಿದಿರಲಿಲ್ಲ. ಆದರೆ ಆರು ವಾರ ಆಟ ನಿಂತಿತು. ಮರುದಿನ ಅವಳ ಅವ್ವ ಶಾಲೆಗೆ ಬಂದರು. "ಸರ, ಆಟ ಬ್ಯಾಡ ಅನ್ನಲ್ರಿ. ಆದ್ರ ಆ ನೆಲ ಒಂದೀಟು ನೆಟ್ಟಗ ಮಾಡ್ರಿ" ಎಂದರು.

ನಾನು ಇಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಊರು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿದೆ. ಸುತ್ತ ತೊಗರಿ, ಬಿಳಿ ಜೋಳ, ಕಡಲೆ. ಎಲ್ಲ ಎರೆ ಭೂಮಿ. ಬೆಳೆಗೆ ಬಂಗಾರದಂಥ ಮಣ್ಣು. ಆಟದ ನೆಲಕ್ಕೆ ಇದರಷ್ಟು ಕಷ್ಟದ ಮಣ್ಣು ಇನ್ನೊಂದಿಲ್ಲ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅಂದು ಸಂಜೆ ಟೇಪು ಹಿಡಿದು ಅಳೆದೆ. ಅತಿ ಅಗಲದ ಬಿರುಕು 6 ಸೆಂ.ಮೀ. ಒಳಗೆ ತೊಗರಿ ಕಟ್ಟಿಗೆ ಬಿಟ್ಟರೆ 70 ಸೆಂ.ಮೀ. ಇಳಿಯಿತು.

ಆ ಕೋರ್ಟು ಹಳೆಯದೇನೂ ಅಲ್ಲ. ಕೆಲವೇ ವರ್ಷಗಳ ಹಿಂದೆ ಯಾರೋ ಮಾಡಿಕೊಟ್ಟು ಹೋಗಿದ್ದರು. ಎರೆ ಮಣ್ಣಿನ ಮೇಲೆ ಎರಡು ಇಂಚು ಕಲ್ಲಿನ ಪುಡಿ, ಎರಡು ಕಂಬ, ಒಂದು ಬಣ್ಣದ ಬೋರ್ಡು. ಮೊದಲ ಮಳೆಗಾಲದಲ್ಲೇ ಪುಡಿ ಕೆಸರಿನಲ್ಲಿ ಹೂತು ಹೋಯಿತು. ಕಂಬಗಳು ಒಂದರ ಕಡೆಗೆ ಒಂದು ಬಾಗಿದವು. ನೆಟ್ ಹೊಟ್ಟೆ ಬಿಟ್ಟ ಹಾಗೆ ಜೋತುಬಿತ್ತು. ಬೋರ್ಡು ಮಾತ್ರ ಈಗಲೂ ಗಟ್ಟಿ ಇದೆ.

ಮೇಲೆ ಇನ್ನೊಂದು ಪದರ ಹಾಕಿ ಮುಗಿಸೋಣ ಎಂದು ಬಹಳ ಜನ ಹೇಳಿದರು. ನಾನು ಒಂದು ಮಳೆಗಾಲ ಪೂರ್ತಿ ಕಾದೆ. ಕೆಲಸ ಮಾಡದೆ ಕಳೆದ ಆ ನಾಲ್ಕು ತಿಂಗಳೇ ಈ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದವು ಎಂದು ಈಗ ಅನಿಸುತ್ತದೆ.

ಮಳೆಗಾಲ: ನೀರು ಎಲ್ಲಿಂದ ಬರುತ್ತೆ?

ಮಳೆ ಜೋರಾದಾಗಲೆಲ್ಲ ಕೊಡೆ ಹಿಡಿದು ಮೈದಾನದಲ್ಲಿ ನಿಂತೆ. ಮಕ್ಕಳಿಗೂ ಇದು ಒಂದು ಆಟ ಆಯಿತು. ನೀರು ಹರಿದ ಕಡೆ ಕಟ್ಟಿಗೆ ನೆಡುವುದು ಅವರ ಕೆಲಸ. ಮೂರು ದೊಡ್ಡ ಮಳೆ ಆದಮೇಲೆ ಚಿತ್ರ ಸ್ಪಷ್ಟವಾಯಿತು. ಕೋರ್ಟಿನ ಮೇಲೆ ಬಿದ್ದ ಮಳೆ ದೊಡ್ಡ ಸಮಸ್ಯೆಯೇ ಅಲ್ಲ. ಶಾಲೆಯ ಮಾಳಿಗೆಯ ನೀರು ಎರಡು ಪೈಪಿನಿಂದ ನೇರವಾಗಿ ಅದರ ಮೂಲೆಗೆ ಬೀಳುತ್ತಿತ್ತು. ರಸ್ತೆ ಕಡೆಯ ನೀರು ಗೇಟಿನ ಕೆಳಗಿಂದ ನುಗ್ಗುತ್ತಿತ್ತು. ಅಂದರೆ ಸುತ್ತಮುತ್ತಲಿನ ನೀರಿಗೆಲ್ಲ ನಮ್ಮ ಕೋರ್ಟೇ ಕೆರೆ. ಇದನ್ನು ನೋಡದೆ ಎಷ್ಟೇ ದುಡ್ಡು ಸುರಿದರೂ ಮತ್ತೆ ಅದೇ ಗತಿ ಆಗುತ್ತಿತ್ತು, ಅಲ್ವಾ?

ಇನ್ನೊಂದು ಪರೀಕ್ಷೆಯನ್ನು ಶಾಲೆಯ ಲ್ಯಾಬಿನಲ್ಲೇ ಮಾಡಿದೆವು. ರಸ್ತೆ ಕಟ್ಟುವವರು ಮಣ್ಣು ಎಷ್ಟು ಉಬ್ಬುತ್ತದೆ ಎಂದು ನೋಡುವ ವಿಧಾನ ಇದು. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ಒಂದು ಅಳತೆ ಜಾಡಿಗೆ, ಇನ್ನೊಂದು 10 ಗ್ರಾಂ ಮತ್ತೊಂದು ಜಾಡಿಗೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವೇ ಉತ್ತರ. ನಮ್ಮ ಮೈದಾನದ ಮಣ್ಣು ಸೀಮೆಎಣ್ಣೆಯಲ್ಲಿ 12 ಮಿ.ಲೀ., ನೀರಿನಲ್ಲಿ 21 ಮಿ.ಲೀ. ನಿಂತಿತ್ತು. ಶೇ. 75 ಉಬ್ಬು. ಮಕ್ಕಳು ಜಾಡಿ ನೋಡಿ ಬಾಯಿ ಬಿಟ್ಟರು. ಇಂಥ ಮಣ್ಣಿನ ಮೇಲೆ ತೆಳ್ಳಗೆ ಏನು ಹಾಸಿದರೂ ನಿಲ್ಲುವುದಿಲ್ಲ ಎಂದು ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಜನವರಿ: ರಾಶಿಯ ಪ್ರಶ್ನೆ

ಕೆಲಸ ಶುರು ಮಾಡುವ ಮೊದಲೇ ಒಂದು ಗಂಟು ಬಿತ್ತು. ತೊಗರಿ ಕೊಯ್ಲಾದಮೇಲೆ ಊರಿನ ಏಳೆಂಟು ಮನೆಯವರು ನಮ್ಮ ಮೈದಾನದಲ್ಲೇ ರಾಶಿ ಮಾಡುತ್ತಾರೆ, ಅಂದರೆ ಕಾಳು ಒಕ್ಕುತ್ತಾರೆ. ಆಮೇಲೆ ಜೋಳದ ರಾಶಿ. ಮಾರ್ಚ್‌ವರೆಗೆ ಟ್ರ್ಯಾಕ್ಟರ್ ಓಡಾಟ. ಹಳೇ ಕೋರ್ಟು ಹಾಳಾಗಲು ಅದೂ ಒಂದು ಕಾರಣ. ಗೇಟಿಗೆ ಬೀಗ ಹಾಕಿಬಿಡಿ ಎಂದವರೂ ಇದ್ದರು. ನನಗೆ ಅದು ಸರಿ ಅನಿಸಲಿಲ್ಲ. ಆ ಮನೆಗಳ ಮಕ್ಕಳೇ ನಮ್ಮ ಆಟಗಾರರು.

ಊರ ಕಟ್ಟೆಯ ಮೇಲೆ ಕೂತು ಮಾತಾಡಿದೆವು. ಅಲ್ಲಿದ್ದ ಒಬ್ಬ ಹಿರಿಯರನ್ನು ಇಡೀ ಊರು ಮುತ್ಯಾ ಎಂದೇ ಕರೆಯುತ್ತದೆ. ಅವರು ನೇರವಾಗಿ ಕೇಳಿದರು.

"ಅಲ್ರಿ ಸರ, ನೀವು ಆಟ ಆಡಸ್ತೀರಿ, ಚಲೋ. ನಾವು ರಾಶಿ ಎಲ್ಲಿ ಮಾಡ್ಬೇಕ್ರಿ? ರೋಡಿನ ಮ್ಯಾಲೇನು?"

"ಇಲ್ರಿ ಮುತ್ಯಾ, ಮೈದಾನದ ಪಡುವಣ ಅರ್ಧ ನಿಮಗೇ ಇರಲಿ. ಟ್ರ್ಯಾಕ್ಟರ್ ಮಾತ್ರ ಈ ಕಡೆ ಬರಬಾರದು."

"ಹಂಗಾದ್ರ ಆ ಕಡೆ ಒಂದು ಗೇಟ್ ಇಡ್ರಿ. ರೋಲರ್ ತರ್ತೀರಲ್ಲ, ನಮ್ಮ ಕಣದ ಮ್ಯಾಲೂ ಎರಡು ಸುತ್ತ ಹೊಡಸ್ರಿ. ನಾವ್ಯಾಕ ಬರ್ತೀವಿ ನಿಮ್ಮ ಕಡೆ?"

ಇಷ್ಟಕ್ಕೆ ಒಪ್ಪಂದ ಆಯಿತು. ಶಾಲಾ ಸಮಿತಿಯ ರಿಜಿಸ್ಟರಿನಲ್ಲಿ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿದೆವು. ಜಾಗ ಹಂಚುವ ಮಾತು ನಕ್ಷೆ ಹಾಕುವ ಮೊದಲೇ ಮುಗಿಯಬೇಕು. ಕೋರ್ಟು ಆದಮೇಲೆ ಈ ಮಾತು ಎತ್ತಿದ್ದರೆ ಬರೀ ಜಗಳ ಆಗುತ್ತಿತ್ತು.

ಮಾರ್ಚ್: ಅಳತೆ

ವಾಲಿಬಾಲ್ ಕೋರ್ಟು 18 ಮೀ. ಉದ್ದ, 9 ಮೀ. ಅಗಲ. ಸುತ್ತ ಕನಿಷ್ಠ 3 ಮೀ. ಖಾಲಿ ಜಾಗ ಬೇಕು. ಅಲ್ಲಿಗೆ 24×15. ಅಂದರೆ ನೆಲ ಮಾಡಬೇಕಾದದ್ದು 360 ಚದರ ಮೀಟರ್. ಬಹಳ ಕಡೆ ಗೆರೆಯ ತನಕ ಮಾತ್ರ ನೆಲ ಮಾಡಿ ಬಿಡುತ್ತಾರೆ. ಚೆಂಡಿನ ಹಿಂದೆ ಓಡುವ ಹುಡುಗ ಗೆರೆ ದಾಟುತ್ತಲೇ ಗುಂಡಿಗೆ ಬೀಳುತ್ತಾನೆ. ದುಡ್ಡು ಕಮ್ಮಿ ಇದ್ದರೆ ಬಣ್ಣ, ಬೋರ್ಡು ಬಿಡಿ. ಈ ಮೂರು ಮೀಟರ್ ಬಿಡಬೇಡಿ.

ಹಳೇ ಕೋರ್ಟು ಪೂರ್ವ–ಪಶ್ಚಿಮವಾಗಿತ್ತು. ಸಂಜೆ ಐದು ಗಂಟೆಗೆ ಒಂದು ತಂಡದ ಕಣ್ಣಿಗೆ ನೇರ ಬಿಸಿಲು. ಹೊಸದನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿದೆವು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೂಲೆ ಸರಿಯಾಗಿ ಬಂದಿದೆಯೇ ಎಂದು ನೋಡಲು ಕರ್ಣ ಅಳೆಯಬೇಕು. 18×9ರ ಕರ್ಣ 20.12 ಮೀ. ಅರ್ಧ ಕೋರ್ಟಿನದು 12.73 ಮೀ. ಮೊದಲ ಸಲ ನಮ್ಮ ಎರಡು ಕರ್ಣಗಳ ನಡುವೆ 14 ಸೆಂ.ಮೀ. ವ್ಯತ್ಯಾಸ ಬಂತು. ಗಣಿತದ ಮೇಡಂ ಒಂಬತ್ತನೇ ಕ್ಲಾಸನ್ನು ಅಲ್ಲಿಗೇ ಕರೆತಂದರು. ಮೂರು–ನಾಲ್ಕು–ಐದರ ಲೆಕ್ಕದಲ್ಲಿ ಮಕ್ಕಳೇ ದಾರ ಎಳೆದು ಮೂಲೆ ಕೂರಿಸಿದರು.

ಇಳಿಜಾರು ಎಷ್ಟು ಇರಬೇಕು? ಬಯಲು ಅಂಕಣಕ್ಕೆ ನೀರು ಹರಿಯಲು ಮೀಟರಿಗೆ 5 ಮಿ.ಮೀ. ಇಳಿಜಾರನ್ನು ಆಟದ ನಿಯಮವೇ ಒಪ್ಪುತ್ತದೆ. 15 ಮೀಟರ್ ಅಗಲಕ್ಕೆ ಅದು 7.5 ಸೆಂ.ಮೀ. ಆಯಿತು. ಪಶ್ಚಿಮದ ಅಂಚು ಎತ್ತರ, ಪೂರ್ವದ ಅಂಚು ತಗ್ಗು. ಆಡುವವರ ಕಾಲಿಗೆ ಇದು ಗೊತ್ತೇ ಆಗುವುದಿಲ್ಲ. ನೀರಿಗೆ ಗೊತ್ತಾಗುತ್ತದೆ. ಲೆವಲ್ ನೋಡಲು ನೀರು ತುಂಬಿದ ಪಾರದರ್ಶಕ ಪೈಪೇ ಸಾಕಾಯಿತು.

ಏಪ್ರಿಲ್: ಅಗೆತ, ಮುರುಮ್

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಜೆಸಿಬಿ ಬಂತು. 25 ಸೆಂ.ಮೀ. ಎರೆ ಮಣ್ಣು ತೆಗೆದೆವು. ಸುಮಾರು 90 ಘನ ಮೀಟರ್. ಇದನ್ನು ಎಲ್ಲಿ ಹಾಕುವುದು ಎಂಬ ಚಿಂತೆಯೇ ಬರಲಿಲ್ಲ. ಗುಡ್ಡದ ಕಡೆ ಕಲ್ಲು ಭೂಮಿ ಇದ್ದವರು ತಮ್ಮದೇ ಟ್ರ್ಯಾಕ್ಟರ್ ತಂದು ಹೊಲಕ್ಕೆ ಹೊಡೆದುಕೊಂಡರು.

ತುಂಬಲು ಮುರುಮ್, ಅಂದರೆ ಹರಳು ಹರಳಾದ ಗರಸು ಮಣ್ಣು ಬೇಕು. ಗಟ್ಟಿಯಾಗಿ ಕೂತ ಮೇಲೆ 35 ಸೆಂ.ಮೀ. ಆಗಬೇಕು, ಅಂದರೆ ಸುತ್ತಲಿನ ನೆಲಕ್ಕಿಂತ 10 ಸೆಂ.ಮೀ. ಎತ್ತರ. 360ಕ್ಕೆ 0.35 ಗುಣಿಸಿದರೆ 126 ಘನ ಮೀಟರ್. ಸಡಿಲ ಮುರುಮ್ ಕಾಲು ಭಾಗ ಜಾಸ್ತಿ ಬೇಕಾಗುತ್ತದೆ. ಅಲ್ಲಿಗೆ 157. ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು 56 ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ). ಕೊನೆಗೆ ಹಿಡಿದದ್ದು 61 ಟ್ರಾಲಿ.

ಇಷ್ಟು ಮುರುಮ್ ಸಿಕ್ಕಿದ್ದು ಮುತ್ಯಾನ ಹೊಲದಲ್ಲಿ. ಅವರ ಮಗ ಬಾವಿ ತೋಡಿಸುತ್ತಿದ್ದರು. ಮೇಲೆ ಆಳುದ್ದ ಎರೆ ಮಣ್ಣು, ಅದರ ಕೆಳಗೆ ಒಳ್ಳೆಯ ಗರಸು. ಬದುವಿನ ಮೇಲೆ ಗುಡ್ಡದ ಹಾಗೆ ಬಿದ್ದಿತ್ತು. "ಒಯ್ರಿ ಸರ, ನಮಗೂ ಜಾಗ ಖಾಲಿ ಆಗ್ತದ" ಎಂದರು. ಟ್ರಾಲಿ ಬಾಡಿಗೆ ಮಾತ್ರ ನಮ್ಮದು, ಒಂದಕ್ಕೆ 500 ರೂಪಾಯಿ. ಅದನ್ನೂ ಜಾಡಿಯಲ್ಲಿ ಹಾಕಿ ನೋಡಿದೆವು. ಉಬ್ಬು ಇಲ್ಲವೆಂಬಷ್ಟು ಕಮ್ಮಿ.

ಮೊದಲ ಪದರ 12 ಸೆಂ.ಮೀ., ಆಮೇಲೆ 10, ಆಮೇಲೆ 8. ಪ್ರತಿ ಪದರಕ್ಕೂ ನೀರು ಹಾಕಿ ರೋಲರ್ ಹೊಡೆಯಬೇಕು. ಎಲ್ಲ ಒಮ್ಮೆಗೇ ಸುರಿದರೆ ಮೇಲೆ ಮಾತ್ರ ಗಟ್ಟಿ, ಒಳಗೆ ಪೊಳ್ಳು. ನೀರು ಎಷ್ಟು? ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆ ಆಗಬೇಕು. ಕೆಳಗೆ ಬಿಟ್ಟರೆ ಮೂರ‍್ನಾಲ್ಕು ತುಂಡಾಗಬೇಕು. ಪುಡಿಯಾದರೆ ನೀರು ಕಮ್ಮಿ. ಅಂಗೈಗೆ ಅಂಟಿದರೆ ಜಾಸ್ತಿ.

ಎರಡನೇ ಪದರದಲ್ಲಿ ನಾನೇ ತಪ್ಪು ಮಾಡಿದೆ. ಏಪ್ರಿಲ್ ಬಿಸಿಲು ನೋಡಿ, ಬೇಗ ಆರುತ್ತದೆ ಎಂದು ಟ್ಯಾಂಕರ್ ಪೂರ್ತಿ ಬಿಡಿಸಿದೆ. ರೋಲರ್ ಹೋದ ಕಡೆ ನೆಲ ಅಲೆಯ ಹಾಗೆ ಎದ್ದಿತು. ಮುರುಮ್ ಡ್ರಮ್ಮಿಗೆ ಅಂಟಿ ಎದ್ದು ಬಂತು. ಚಾಲಕರು ಗಾಡಿ ನಿಲ್ಲಿಸಿ, "ಸರ, ಇವತ್ತು ಆಗಲ್ರಿ. ಕೆದರಿ ಬಿಡ್ರಿ, ಒಣಗ್ಲಿ" ಎಂದರು. ಗುದ್ದಲಿಯಿಂದ ಕೆದರಿ ಮೂರು ದಿನ ಒಣಗಲು ಬಿಟ್ಟೆವು. ರೋಲರಿನ ಒಂದು ದಿನದ ಬಾಡಿಗೆ ವ್ಯರ್ಥವಾಯಿತು. ನೀರನ್ನು ಹಿಂದಿನ ಸಂಜೆ ಸ್ವಲ್ಪ ಸ್ವಲ್ಪ ಚಿಮುಕಿಸಿ, ಬೆಳಗ್ಗೆ ತಂಪಿನಲ್ಲಿ ರೋಲರ್ ಹೊಡೆಯುವುದು ಸರಿಯಾದ ದಾರಿ.

ಕಂಬಗಳು

ಎರೆ ಮಣ್ಣು ಉಬ್ಬುವಾಗ ಕಂಬವನ್ನು ಮೇಲಕ್ಕೆ ಎತ್ತುತ್ತದೆ, ಕುಗ್ಗುವಾಗ ಸಡಿಲ ಬಿಡುತ್ತದೆ. ಅದರ ಮೇಲೆ ನೆಟ್ಟಿನ ಎಳೆತ ಬೇರೆ. ಇಂಥ ಮಣ್ಣಿಗೆಂದೇ ಬುಡದಲ್ಲಿ ಅಗಲ ಮಾಡಿದ ಪೈಲುಗಳನ್ನು (ನೆಲದಾಳಕ್ಕೆ ಇಳಿಸುವ ಕಾಂಕ್ರೀಟು ಕಂಬಗಳನ್ನು) ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದಿತ್ತು. ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ. ಆದರೆ ಉಪಾಯ ಅದೇ. ಗೌಂಡಿ ಕಾಕಾ ಒಂದು ಮೀಟರಿಗಿಂತ ಆಳದ ಗುಂಡಿ ತೋಡಿ, ಬುಡವನ್ನು ಮಡಕೆಯ ಹಾಗೆ ಅಗಲ ಮಾಡಿದರು. ತಳಕ್ಕೆ ಒಂದು ಪದರ ಕಡಿ (ಜಲ್ಲಿ), ಮೇಲೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಕಡಿಯ ಕಾಂಕ್ರೀಟು. ಗುಂಡಿಗಳು ಬದಿ ಗೆರೆಯಿಂದ ಒಂದೊಂದು ಮೀಟರ್ ಹೊರಗೆ, ಅಂದರೆ ಕಂಬದಿಂದ ಕಂಬಕ್ಕೆ 11 ಮೀ.

ಕಂಬವನ್ನು ನೇರವಾಗಿ ಹೂಳಲಿಲ್ಲ. ನಾಲ್ಕು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು 45 ಸೆಂ.ಮೀ. ಆಳದ ಗೂಡಾಗಿ ಹೂತೆವು. ಅದರೊಳಗೆ ಮೂರು ಇಂಚಿನ ಪೈಪು ಇಳಿಯುತ್ತದೆ. ಅಂಗಡಿಯಲ್ಲಿ ಪೈಪು ಬರುವುದು 6 ಮೀ. ಉದ್ದ. ಕತ್ತರಿಸಿದರೆ ಸರಿಯಾಗಿ 3 ಮೀಟರಿನ ಎರಡು ಕಂಬ. ಗೂಡಿನೊಳಗೆ 45 ಸೆಂ.ಮೀ., ಮೇಲೆ 2.55 ಮೀ. ನಿಯಮದ ಎತ್ತರವೂ ಅಷ್ಟೇ. ಒಂದು ಇಂಚೂ ಹಾಳಾಗಲಿಲ್ಲ. ಕಂಬ ಗೂಡಿನಲ್ಲಿ ಅಲ್ಲಾಡದಂತೆ ವೆಲ್ಡರ್ ಬುಡದ ಸುತ್ತ ನಾಲ್ಕು ಕಡೆ 6 ಮಿ.ಮೀ. ಸರಳಿನ ತುಂಡು ಬೆಸೆದರು.

ಕಾಂಕ್ರೀಟಿಗೆ ಹತ್ತು ದಿನ ಗೋಣಿ ತಟ್ಟು ಸುತ್ತಿ ನೀರು ಹಾಕಿದೆವು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಒಂದು ದಿನ ಮರೆತರೂ ಕೆಲಸ ಕೆಟ್ಟ ಹಾಗೆ. ರಜೆ ಇದ್ದರೂ ಇಬ್ಬರು ಹುಡುಗರು ದಿನಾ ಎರಡು ಹೊತ್ತು ಬಂದರು.

ನೆಟ್ಟಿಗೆ ಮೂರು ಎತ್ತರದಲ್ಲಿ ಕೊಕ್ಕೆ ಇಡಿಸಿದೆವು. ಗಂಡಸರಿಗೆ 2.43 ಮೀ., ಹೆಂಗಸರಿಗೆ 2.24, ಚಿಕ್ಕ ಮಕ್ಕಳಿಗೆ ನಮ್ಮ ಅಂದಾಜಿನ 2.10. ಎತ್ತರವನ್ನು ನಡುವೆ ಅಳೆಯಬೇಕು. ಎರಡೂ ಬದಿ ಗೆರೆಯ ಮೇಲೆ ಸಮ ಇರಬೇಕು, ನಡುವಿಗಿಂತ 2 ಸೆಂ.ಮೀ. ಮೀರಬಾರದು. ಈ ಮೂರು ಕೊಕ್ಕೆಗಳು ಬರೀ ಅನುಕೂಲಕ್ಕಲ್ಲ. ಒಂದೇ ಕೊಕ್ಕೆ ಇದ್ದಾಗ ನೆಟ್ ಯಾವಾಗಲೂ ಗಂಡುಮಕ್ಕಳ ಎತ್ತರದಲ್ಲೇ ಇರುತ್ತಿತ್ತು. ಹುಡುಗಿಯರು ಸುಮ್ನೆ ಹೊರಗೆ ನಿಂತು ನೋಡುತ್ತಿದ್ದರು.

ಮೇ: ಮೇಲಿನ ಪದರ

ಕೊನೆಯ 5 ಸೆಂ.ಮೀ. ಪದರಕ್ಕೆ ಜರಡಿ ಹಿಡಿದ ಮುರುಮ್. ಬರೀ ಮುರುಮ್ ಹಾಕಿದರೆ ಗಾಳಿಗೆ ಏಳುತ್ತಿತ್ತು, ಕಾಲಿಗೆ ಹರಳು ಜಾರುತ್ತಿತ್ತು. ಮುತ್ಯಾ ಬಂದು ಪಾದದಿಂದ ಒರೆಸಿ ನೋಡಿದರು. "ಇದಕ್ಕ ಅಂಟು ಇಲ್ರಿ. ನಾವು ಕಣ ಮಾಡುವಾಗ ಹಿಂಗ ಬಿಡ್ತೀವೇನು? ಸ್ವಲ್ಪ ಎರಿ ಮಣ್ಣ ಕೂಡಸ್ರಿ. ನೀರ ಹೊಡದು ಕೊರಡ ಎಳೀರಿ."

ಬಿಟ್ಟೇಬಿಡಬೇಕು ಎಂದು ತೆಗೆದು ಹಾಕಿದ ಮಣ್ಣನ್ನೇ ಮತ್ತೆ ತರುವುದೇ? ನನಗೆ ಅನುಮಾನ ಇತ್ತು. ಮೂಲೆಯಲ್ಲಿ ಎರಡು ಮೀಟರಿನ ಮೂರು ತುಂಡು ನೆಲ ಮಾಡಿ ನೋಡಿದೆವು. ಆರು ಬುಟ್ಟಿ ಮುರುಮ್‌ಗೆ ಒಂದು ಬುಟ್ಟಿ ಎರೆ ಮಣ್ಣು ಹಾಕಿದ್ದು ಚೆನ್ನಾಗಿ ಕೂತಿತು. ಮೂರಕ್ಕೆ ಒಂದು ಹಾಕಿದ ತುಂಡು ವಾರದಲ್ಲಿ ಕೂದಲೆಳೆಯಂತೆ ಬಿರಿಯಿತು. ಹತ್ತಕ್ಕೆ ಒಂದು ಸಡಿಲವಾಗಿಯೇ ಉಳಿಯಿತು. ಆರಕ್ಕೆ ಒಂದನ್ನೇ ಇಡೀ ಕೋರ್ಟಿಗೆ ಹಾಕಿದೆವು. ನಿಮ್ಮೂರ ಮಣ್ಣಿಗೆ ಈ ಲೆಕ್ಕ ಬೇರೆ ಆಗಬಹುದು. ತುಂಡು ನೆಲ ಮಾಡಿ ನೋಡದೆ ಹಾಕಬೇಡಿ.

ಸುತ್ತ 78 ಮೀಟರಿಗೆ ಶಹಾಬಾದ್ ಫರಸಿಯ (ಚಪ್ಪಡಿ ಕಲ್ಲಿನ) ಪಟ್ಟಿಗಳನ್ನು ನಿಲ್ಲಿಸಿ ಹೂತೆವು. ನೆಲ ಅಂಚಿನಲ್ಲಿ ಕೊಚ್ಚಿ ಹೋಗುವುದಿಲ್ಲ. ಕಲ್ಲಿನ ತಲೆ ನೆಲಕ್ಕಿಂತ 2 ಸೆಂ.ಮೀ. ಕೆಳಗೇ ಇರಬೇಕು, ಇಲ್ಲದಿದ್ದರೆ ಮೊಣಕಾಲು ಒಡೆಯುತ್ತದೆ. ಗೆರೆ ಎಲ್ಲೆಲ್ಲಿ ಬರಬೇಕೋ ಅದರ ನೇರಕ್ಕೆ ಈ ಕಲ್ಲುಗಳ ಮೇಲೆ ಉಳಿಯಿಂದ ಗುರುತು ಹೊಡೆಸಿದೆವು. ಈಗ ಗೆರೆ ಅಳಿಸಿ ಹೋದರೂ ಟೇಪು ಬೇಡ. ಗುರುತಿನಿಂದ ಗುರುತಿಗೆ ದಾರ ಎಳೆದು 5 ಸೆಂ.ಮೀ. ಅಗಲಕ್ಕೆ ಸುಣ್ಣ ಹಾಕಿದರೆ ಮುಗಿಯಿತು. ಸುಣ್ಣ ಪೂರ್ತಿ ಅರಳಿ ಆರಿದ್ದೇ ಇರಬೇಕು. ಅರಳದ ಸುಣ್ಣದ ಪುಡಿ ಕಣ್ಣಿಗೆ ಬಿದ್ದರೆ ಸುಡುತ್ತದೆ. ಗೆರೆಗೆ ಇಟ್ಟಿಗೆ, ಕಲ್ಲು ಹೂಳುವುದಂತೂ ಬೇಡವೇ ಬೇಡ.

ಪೂರ್ವದ ತಗ್ಗಿನ ಅಂಚಿಗೆ ಕಡಿ ತುಂಬಿದ ಕಾಲುವೆ ಮಾಡಿ, ನೀರನ್ನು ಬೇವಿನ ಗಿಡಗಳ ಸಾಲಿಗೆ ಬಿಟ್ಟೆವು. ಮಾಳಿಗೆಯ ಪೈಪುಗಳನ್ನು ಬೇರೆ ಕಡೆ ತಿರುಗಿಸಿದ್ದಾಯಿತು. ರಸ್ತೆ ನೀರಿಗೆ ಗೇಟಿನ ಹತ್ತಿರ ಅಡ್ಡಗಾಲುವೆಯನ್ನು ಪಂಚಾಯ್ತಿಯವರು ತೋಡಿಸಿಕೊಟ್ಟರು.

ಒಟ್ಟು ಖರ್ಚು 84 ಸಾವಿರದ ಆಸುಪಾಸು. ಅದರಲ್ಲಿ ಟ್ರಾಲಿ ಬಾಡಿಗೆಯೇ 30,500. ನೆಟ್ಟಿಗೆ ಹೋದದ್ದು 2,600 ಮಾತ್ರ. ದುಡ್ಡೆಲ್ಲ ನೆಲದೊಳಗೆ ಹೋಗಿದೆ, ಕಣ್ಣಿಗೆ ಕಾಣುವುದಿಲ್ಲ. ದಾನ ಕೊಟ್ಟ ಹಳೆಯ ವಿದ್ಯಾರ್ಥಿಗಳಿಗೆ ಅದಕ್ಕೇ ಪ್ರತಿ ಪದರದ ಫೋಟೋ ಕಳಿಸಿದೆವು.

ಜೂನ್: ಮೊದಲ ಮಳೆ

ಮಿರ್ಗಾ (ಮೃಗಶಿರಾ) ಮಳೆ ರಾತ್ರಿ ಬಂತು. ಬೆಳಗ್ಗೆ ಆರಕ್ಕೇ ಹೋಗಿ ನೋಡಿದೆ. ಕೋರ್ಟಿನ ಮೇಲೆ ನೀರು ನಿಂತಿರಲಿಲ್ಲ. ಕಾಲುವೆ ಹರಿಯುತ್ತಿತ್ತು. ವಾಯವ್ಯದ ಮೂಲೆಯಲ್ಲಿ ಮಾತ್ರ ಒಂದು ತಟ್ಟೆಯಗಲ ನೆಲ ಕುಸಿದಿತ್ತು. ಅಗೆದು ನೋಡಿದರೆ ಕೆಳಗೆ ಹಳೇ ನೀರಿನ ಪೈಪಿನ ತೋಡು, ಸಡಿಲ ಮಣ್ಣು. ಅಲ್ಲಿ ಚೌಕವಾಗಿ ಕತ್ತರಿಸಿ, ತಳದವರೆಗೆ ತೆಗೆದು, ನಾಲ್ಕು ನಾಲ್ಕು ಬೆರಳು ಮುರುಮ್ ಹಾಕುತ್ತ ಕೈ ದಿಮ್ಮಸು ಹೊಡೆದೆವು. ಆಮೇಲೆ ಕುಸಿದಿಲ್ಲ.

ತೂಗುಗುಂಡು ಇಳಿಬಿಟ್ಟು ಕಂಬಗಳನ್ನು ನೋಡಿದೆ. ಎರಡೂ ನೆಟ್ಟಗೆ.

ಈಗ ಹೇಗೆ ನಡೆಯುತ್ತಿದೆ

ಮಳೆ ಬಂದಾಗ ಆಡಬಹುದೇ ಇಲ್ಲವೇ ಎಂದು ದಿನಾ ಜಗಳ ಬೇಡವೆಂದು ಹಿಮ್ಮಡಿ ಪರೀಕ್ಷೆ ಇಟ್ಟಿದ್ದೇವೆ. ಕೋರ್ಟಿನ ನಡುವೆ ಹಿಮ್ಮಡಿ ಊರಿ ತಿರುಗಿಸಬೇಕು. ಗುಳಿ ಬಿದ್ದರೆ ಅಂದು ಆಟವಿಲ್ಲ. ಹಸಿ ನೆಲದ ಮೇಲೆ ಆಡಿದ ಒಂದು ಸಂಜೆ ಒಂದು ತಿಂಗಳ ಕೆಲಸ ತರುತ್ತದೆ. ಮೊದಮೊದಲು ಹುಡುಗರು ಮುನಿಸಿಕೊಂಡರು. ಈಗ ಅವರೇ ಪರೀಕ್ಷೆ ಮಾಡುತ್ತಾರೆ.

ಶನಿವಾರ ನೀರು ಚಿಮುಕಿಸಿ ಕೊರಡು ಎಳೆಯುವುದು, ಗೆರೆ ಹಾಕುವುದು. ನೆಟ್ ದಿನಾ ಬಿಚ್ಚಿ ಒಳಗೆ ಇಡುವುದು. ಬಿಸಿಲಿಗೆ ಬಿಟ್ಟರೆ ನೈಲಾನ್ ಒಂದೇ ವರ್ಷಕ್ಕೆ ಪುಡಿ ಪುಡಿ. ಸಂಜೆ ನಾಲ್ಕೂವರೆಯಿಂದ ಆರು ಹುಡುಗಿಯರಿಗೆ. ಆರರಿಂದ ಕತ್ತಲಾಗುವವರೆಗೆ ಊರಿನ ಯುವಕರಿಗೆ. ಈ ಹೊತ್ತನ್ನು ಗೋಡೆಯ ಮೇಲೆ ಬರೆಸಿದ್ದೇವೆ. ನೆಟ್ಟಿನ ಪೆಟ್ಟಿಗೆಯ ಬೀಗದ ಕೈ ಇರುವುದು ಹೋದ ವರ್ಷ ಕಾಲು ಹೊರಳಿಸಿಕೊಂಡ ಹುಡುಗಿಯ ಹತ್ತಿರ. ಅವಳೀಗ ಹತ್ತನೇ ಕ್ಲಾಸು. ಆರು ಗಂಟೆಗೆ ಒಂದು ನಿಮಿಷ ಮೊದಲು ಬಂದರೂ ಯುವಕರಿಗೆ ಕೋರ್ಟು ಬಿಡುವುದಿಲ್ಲ.

ಕೆಲವರು ಇಲ್ಲಿ ಕಬಡ್ಡಿಯನ್ನೂ ಆಡಿಸಿ ಎಂದರು. ಗಂಡಸರ ಕಬಡ್ಡಿ ಅಂಕಣ 13×10, ಜಾಗ ಸಾಲುತ್ತದೆ. ನಾನು ಒಪ್ಪಲಿಲ್ಲ. ಮುರುಮ್ ಮೇಲೆ ಬಿದ್ದರೆ ಚರ್ಮ ಕಿತ್ತು ಬರುತ್ತದೆ. ಅದಕ್ಕೆ ಮೆತ್ತನೆಯ ನೆಲವನ್ನು ಬೇರೆಯೇ ಮಾಡಬೇಕು.

ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ಆದಮೇಲೆ, ಹುಡುಗಿಯರ ಪಂದ್ಯ ಇಟ್ಟಿದ್ದೆವು. ಹಿಂದಿನ ದಿನ ಮಳೆ ಬಂದಿತ್ತು. ಬೆಳಗ್ಗೆ ಹತ್ತಕ್ಕೆ ಹಿಮ್ಮಡಿ ಪರೀಕ್ಷೆ ಮಾಡಿದೆವು. ಗುಳಿ ಬೀಳಲಿಲ್ಲ. ಹನ್ನೊಂದಕ್ಕೆ ಪಂದ್ಯ ಶುರುವಾಯಿತು.

ಸರ್ವೀಸ್ ಮಾಡುವ ಕಡೆ ಮತ್ತು ನೆಟ್ಟಿನ ಕೆಳಗೆ ಮೇಲಿನ ಪದರ ಈಗಾಗಲೇ ಒಂದು ಸೆಂ.ಮೀ. ಸವೆದಿದೆ. ದೀಪಾವಳಿ ಆದಮೇಲೆ, ತೊಗರಿ ರಾಶಿ ಶುರುವಾಗುವ ಮೊದಲು, ಎರಡು ಟ್ರಾಲಿ ಜರಡಿ ಮುರುಮ್ ಹಾಕಬೇಕು. ಅಷ್ಟನ್ನು ಮುತ್ಯಾ ಬದುವಿನ ಮೇಲೆ ತೊಗರಿ ಕಟ್ಟಿಗೆ ಮುಚ್ಚಿ ಬೇರೆ ಇಟ್ಟಿದ್ದಾರೆ.